ಮಗನಿಗೆ ನಾವು ಹೀಗೆ ಕಾಣುವುದು ಖಿನ್ನತೆಯಿಂದಲೋ, ಹೀಗೆ ಕಂಡದ್ದರಿಂದ ಖಿನ್ನತೆಯೋ?

ಪ್ರಶ್ನೆ (ದಾವಣಗೆರೆಯ ತಾಯಿ):
ನನ್ನ ಮಗ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಎರಡು ತಿಂಗಳಿಂದ ಮಾತು ಕಡಿಮೆಯಾಗಿದೆ, ನಿದ್ರೆ ಕೆಟ್ಟಿದೆ, ಪ್ರಾಣದಂತಿದ್ದ ಕ್ರಿಕೆಟ್ಟನ್ನೂ ಬಿಟ್ಟಿದ್ದಾನೆ. ವೈದ್ಯರು ಇದು ಖಿನ್ನತೆ ಎಂದಿದ್ದಾರೆ. ಕಳೆದ ವಾರ ಅವನು, ‘ಅಮ್ಮಾ, ನಿಮಗಿಬ್ಬರಿಗೂ ಬೇಕಾಗಿರುವುದು ನನ್ನ ಮಾರ್ಕ್ಸು, ನಾನಲ್ಲ’ ಎಂದ. ಬೆಳಗಿನ ಐದಕ್ಕೆ ಎದ್ದು ಬುತ್ತಿ ಕಟ್ಟಿ, ಸಾಲ ಮಾಡಿ ಟ್ಯೂಷನ್ನಿಗೆ ಕಳಿಸುವ ನಮಗೆ ಆ ಮಾತು ಅರಗುತ್ತಿಲ್ಲ. ಕಾಯಿಲೆಯೇ ಅವನಿಂದ ಹೀಗೆ ಆಡಿಸುತ್ತಿದೆಯೇ?

ಉತ್ತರ 1 (ಕಾಲೇಜೊಂದರ ಆಪ್ತಸಮಾಲೋಚಕಿ):
ಎರಡೂ ದಿಕ್ಕಿನಿಂದ ಆಗುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಗಾರ್ಡನ್ ಪಾರ್ಕರ್ ಮತ್ತು ಸಂಗಡಿಗರು 25 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ನೀವು ಮಕ್ಕಳನ್ನು ಹೇಗೆ ಬೆಳೆಸಿದಿರಿ ಎಂದು ಅದು ತಂದೆತಾಯಿಯನ್ನು ಕೇಳುವುದಿಲ್ಲ; ಹದಿನಾರು ತುಂಬುವವರೆಗೆ ಅವರು ನಿಮಗೆ ಹೇಗೆ ಕಂಡರು ಎಂದು ಮಕ್ಕಳನ್ನೇ ಕೇಳಿ, ಅಕ್ಕರೆ ಎಷ್ಟು, ಹಿಡಿತ ಎಷ್ಟು ಎಂಬೆರಡನ್ನು ಅಳೆಯುತ್ತದೆ. ಅಕ್ಕರೆ ಕಡಿಮೆ, ಹಿಡಿತ ಜಾಸ್ತಿ ಎಂದವರಲ್ಲಿ ಖಿನ್ನತೆ ಹೆಚ್ಚು ಎಂಬುದು ಅನಂತರದ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಕುಗ್ಗಿದ ಮನಸ್ಸು ಸವರಿದ ಕೈಯನ್ನು ಮರೆತು ಗದರಿದ ಮಾತನ್ನೇ ಹಿಡಿದುಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ. ಈ ವಯಸ್ಸಿನಲ್ಲಿ ಖಿನ್ನತೆ ಎಷ್ಟೋ ಸಲ ಸಿಡುಕಾಗಿ ಹೊರಬರುವುದರಿಂದ ಹೆತ್ತವರು ಅದನ್ನು ಉದ್ಧಟತನವೆಂದು ತಿಳಿದು ಹಿಡಿತ ಬಿಗಿಮಾಡುತ್ತಾರೆ, ಮಗುವಿಗೆ ತನ್ನ ಅನುಮಾನವೇ ದಿಟವೆನಿಸುತ್ತದೆ. ಆದ್ದರಿಂದ ಬುತ್ತಿಯ, ಸಾಲದ ಲೆಕ್ಕವನ್ನು ಅವನ ಮುಂದೆ ದಯವಿಟ್ಟು ಇಡಬೇಡಿ. ‘ನಿನಗೆ ಹಾಗೆ ಅನಿಸಿದ್ದು ಯಾವಾಗ?’ ಎಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ಸುಮ್ಮನಿರಿ.

ಉತ್ತರ 2 (ಆ ವಯಸ್ಸು ದಾಟಿ ಬಂದವಳು):
ಪಿಯುಸಿಯಲ್ಲಿ ನಾನೂ ನಿಮ್ಮ ಮಗನಂತೆಯೇ ಇದ್ದೆ. ಬಸ್ಸಿಳಿದ ಕೂಡಲೇ ಅಪ್ಪ ಕೇಳುತ್ತಿದ್ದುದು ‘ಟೆಸ್ಟಲ್ಲಿ ಎಷ್ಟು ಬಂತು?’ ಎಂದು, ನನಗೆ ನೆನಪಿದ್ದುದು ಅದೊಂದೇ. ಚಿಕಿತ್ಸೆ ಪಡೆದು ಚೇತರಿಸಿಕೊಂಡ ಮೇಲೆ, ಹಾಗೆ ಕೇಳುತ್ತಲೇ ಅವರು ನನ್ನ ಭಾರದ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಳ್ಳುತ್ತಿದ್ದುದೂ ನೆನಪಾಯಿತು. ಆದರೂ ಆ ಪ್ರಶ್ನೆ ನನ್ನನ್ನು ನೋಯಿಸಿದ್ದು ಸುಳ್ಳಲ್ಲ, ಅಮ್ಮ.

ಉತ್ತರ 3:
ಬದುಕು ಬೇಡವೆಂಬ ಮಾತು ಅವನ ಬಾಯಿಂದ ಬಂದರೆ ಒಂದು ದಿನವೂ ಕಾಯದೆ ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ ಕೇಳಿದವರು:
ಇವನ್ನೆಲ್ಲ ಅವರಪ್ಪನಿಗೂ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ಸಲ ವೈದ್ಯರ ಬಳಿಗೆ ತಾವೂ ಬರುತ್ತೇನೆ ಎಂದಿದ್ದಾರೆ.