ಸಹಾಯ ಬೇಕು: ಕುಂಕುಮದ ಕೆಂಪು ಕೂರುತ್ತಿಲ್ಲ

ನಮ್ಮದು ಸಣ್ಣ ಡಿಜಿಟಲ್ ಪ್ರಿಂಟಿಂಗ್ ಅಂಗಡಿ, ಇಂಕ್‌ಜೆಟ್ ಮಷಿನ್. ಮದುವೆ ಕಾರ್ಡಿಗೆ ಗಿರಾಕಿಯೊಬ್ಬರು ಸೀರೆ ಬ್ಲೌಸಿನ ತುಂಡು ತಂದುಕೊಟ್ಟು 'ಇದೇ ಕೆಂಪು ಬೇಕು' ಅಂದಿದ್ದಾರೆ. ಮೆಜೆಂಟಾ (ಗುಲಾಬಿ ಕೆಂಪು) ಇಂಕ್ 100 ಪರ್ಸೆಂಟ್, ಹಳದಿ 100 ಕೊಟ್ಟರೆ ಕಿತ್ತಳೆ ಕಡೆ ಜಾರುತ್ತದೆ, ಸಯಾನ್ (ಹಸಿರು ಮಿಶ್ರಿತ ನೀಲಿ) 10 ಸೇರಿಸಿದರೆ ಒಣಗಿದ ರಕ್ತದ ಹಾಗೆ ಮಂಕು. ಮದುವೆ ಕಾರ್ಡಿಗೆ ಅದನ್ನ ಕೊಡೋಕಾಗುತ್ತಾ! ಆರ್ಟ್ ಪೇಪರಿನಲ್ಲಿ ಪರವಾಗಿಲ್ಲ, ಆದರೆ ಅವರಿಗೆ ಬೇಕಿರುವುದು ಒರಟು ಹ್ಯಾಂಡ್‌ಮೇಡ್ ಕಾಗದ, ಅದು ಇಂಕನ್ನೆಲ್ಲಾ ಹೀರಿಕೊಂಡು ಬಣ್ಣ ಸಪ್ಪೆ ಮಾಡುತ್ತದೆ. ಇನ್ನೊಂದು ಕಾಟ, ಟ್ಯೂಬ್‌ಲೈಟಿನಲ್ಲಿ ಬಟ್ಟೆಗೆ ಹೊಂದಿದ್ದು ಬಾಗಿಲಾಚೆ ಬಿಸಿಲಿಗೆ ಹಿಡಿದರೆ ಬೇರೆಯೇ ಕಾಣುತ್ತದೆ.

ಬಣ್ಣ ಅಳೆಯುವ ಮೀಟರ್ (ಸ್ಪೆಕ್ಟ್ರೋಫೋಟೋಮೀಟರ್) ನನ್ನ ಹತ್ತಿರ ಇಲ್ಲ, ಸುಮ್ನೆ ಕಣ್ಣಳತೆ. ಈ ಕಾಗದಕ್ಕೇ ಐಸಿಸಿ ಪ್ರೊಫೈಲ್ (ಮಷಿನ್, ಕಾಗದಕ್ಕೆ ತಕ್ಕಂತೆ ಬಣ್ಣ ಹೊಂದಿಸುವ ಫೈಲ್) ಮಾಡಿಸಬೇಕಾ, ಅಥವಾ ಇಂಕಿನಲ್ಲಿ 5 ಪರ್ಸೆಂಟ್ ವ್ಯತ್ಯಾಸದ ಬಣ್ಣದ ಚೌಕಗಳನ್ನು ಅದೇ ಕಾಗದದ ಮೇಲೆ ಹೊಡೆದು ಹತ್ತಿರದ್ದನ್ನು ಆರಿಸಿದರೆ ಸಾಕಾ? ಮೀಟರ್ ಬಾಡಿಗೆಗೆ ಕೊಡುವವರಿದ್ದರೂ ತಿಳಿಸಿ. ಕಾರ್ಡ್ ಸೋಮವಾರ ಕೊಡಬೇಕು.