ಕಾರ್ಬನ್ ಫೈಬರ್ ಭಾಗಗಳು ಹಳದಿಯಾಗುತ್ತಿವೆ, ಅಲ್ಲಲ್ಲಿ ಬೆಳ್ಳಗಾಗುತ್ತಿವೆ: ಉಳಿಸಿಕೊಳ್ಳಬಹುದೇ?

ಕಡಲತಡಿಯ ಸವಾರ (ಮಂಗಳೂರು):

ನನ್ನ ಬೈಕನ್ನು ಎರಡನೆಯ ಮಾಲೀಕನಾಗಿ ಕೊಂಡು ಆರು ವರ್ಷಗಳಾದವು. ಅದರ ಮುಂದಿನ ಮಡ್‌ಗಾರ್ಡ್, ಹಿಂಚಕ್ರದ ಹಗ್ಗರ್ (ಚಕ್ರಕ್ಕೆ ಅಂಟಿಕೊಂಡಂತಿರುವ ಸಣ್ಣ ಮಡ್‌ಗಾರ್ಡ್) ಮತ್ತು ಟ್ಯಾಂಕ್ ಕವರ್ ಆಗಲೇ ಕಾರ್ಬನ್ ಫೈಬರಿನವಾಗಿದ್ದವು. ಕಚೇರಿಯಲ್ಲಿ ನೆರಳಿನ ಜಾಗವಿಲ್ಲದ ಕಾರಣ ಬೈಕು ದಿನವಿಡೀ ಬಿಸಿಲಿನಲ್ಲೇ ನಿಲ್ಲುತ್ತದೆ.

ಈಗ ಮೂರೂ ಒಂದೊಂದು ಬಗೆಯಲ್ಲಿ ಕೆಟ್ಟಿವೆ. ಟ್ಯಾಂಕ್ ಕವರಿನ ಮೇಲ್ಭಾಗ ಕಂದು ಬೆರೆತ ಹಳದಿಗೆ ತಿರುಗಿದೆ. ಸೀಟಿನ ಅಡಿಗೆ ಹೋಗುವ ಎರಡು ಬೆರಳಗಲದ ಜಾಗ ಮಾತ್ರ ಇನ್ನೂ ಅಚ್ಚ ಕಪ್ಪಾಗಿದ್ದು, ಸೀಟು ತೆಗೆದಾಗ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಮಡ್‌ಗಾರ್ಡ್ ಪೂರ್ತಿ ಮಸುಕಾಗಿರುವುದಲ್ಲದೆ ಬೋಲ್ಟುಗಳ ಸುತ್ತ ನಾಣ್ಯದಗಲದ ಬಿಳಿ ಮಚ್ಚೆಗಳೂ ಎದ್ದಿವೆ. ಹಗ್ಗರಿಗೆ ಎರಡು ವರ್ಷದ ಹಿಂದೆ ಒಂದು ಪೇಂಟಿಂಗ್ ಅಂಗಡಿಯಲ್ಲಿ ಲ್ಯಾಕರ್ ಹೊಡೆಸಿದ್ದೆ. ಮರು ಮಳೆಗಾಲಕ್ಕೇ ಅದು ಈರುಳ್ಳಿ ಸಿಪ್ಪೆಯಂತೆ ಏಳತೊಡಗಿತು. ಕಾರ್ಬನ್ ಫೈಬರಿಗೆ ತುಕ್ಕೂ ಇಲ್ಲ, ಮುಪ್ಪೂ ಇಲ್ಲ ಎಂದು ಕೇಳಿದ್ದೆ. ಹಾಗಿದ್ದರೆ ಇಲ್ಲಿ ಹಾಳಾಗುತ್ತಿರುವುದು ಯಾವುದು? ಪಾಲಿಷ್ ಮಾಡಿಸಿದರೆ ಸಾಕೇ?

ನೂಲೂ ಅಂಟೂ (ಬೆಂಗಳೂರು):

ನೀವು ಕೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಮುಪ್ಪಿಲ್ಲದಿರುವುದು ಕಾರ್ಬನ್ ನೂಲಿಗೆ, ನೂಲನ್ನು ಹಿಡಿದಿಟ್ಟಿರುವ ಎಪಾಕ್ಸಿ ಎಂಬ ಅಂಟಿಗೆ ಮುಪ್ಪು ಇದ್ದೇ ಇದೆ. ನಿಮ್ಮ ಕವರಿನ ಮೇಲೆ ಚೌಕುಳಿಯಂತೆ ಕಾಣುವ ನೇಯ್ಗೆಯ ಒಂದೊಂದು ಪಟ್ಟಿಯಲ್ಲೂ ಸಾಮಾನ್ಯವಾಗಿ 3000 ಎಳೆಗಳಿರುತ್ತವೆ. ಎಳೆಯೊಂದರ ದಪ್ಪ 5ರಿಂದ 7 ಮೈಕ್ರಾನ್. ಬಿಸಿಲು ಈ ಎಳೆಗಳಿಗೆ ಏನೂ ಮಾಡುವುದಿಲ್ಲ. ಎಪಾಕ್ಸಿಯ ಅಣುಗಳಲ್ಲಿರುವ ಬೆಂಜೀನ್ ಉಂಗುರಗಳು ಮಾತ್ರ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು, ಗಾಳಿಯ ಆಮ್ಲಜನಕದೊಡನೆ ಸೇರಿ ಒಡೆಯುತ್ತಾ ಹೋಗುತ್ತವೆ: ಮೊದಲು ಬಣ್ಣ ಹಳದಿಯಾಗುತ್ತದೆ, ಆಮೇಲೆ ಹೊಳಪು ಹೋಗುತ್ತದೆ, ಕೊನೆಗೆ ಕೈಗೆ ಸುಣ್ಣದಂತಹ ಪುಡಿ ಹತ್ತುತ್ತದೆ.

ಇದನ್ನು ತಡೆಯಲೆಂದೇ ಮೇಲೆ ಪಾಲಿಯುರೆಥೇನಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಹೊಡೆಯುತ್ತಾರೆ. ಅದರಲ್ಲಿ ಬೆರೆಸಿದ ನೇರಳಾತೀತ ತಡೆ ವರ್ಷಗಳು ಕಳೆದಂತೆ ಸವೆಯುತ್ತದೆ. ಪ್ರತಿ ಸಲ ಪಾಲಿಷ್ ಮಾಡಿಸಿದಾಗಲೂ ಆ ಪದರದ ಒಂದಿಷ್ಟನ್ನು ನಾವೇ ತೆಗೆದುಹಾಕುತ್ತೇವೆ ಎಂಬುದನ್ನು ಹೊಳಪಿನ ಹುಚ್ಚಿನಲ್ಲಿ ಮರೆಯುತ್ತೇವೆ. ಅಗ್ಗದ ಭಾಗಗಳಲ್ಲಿ ಎಷ್ಟೋ ಸಲ ಈ ಪದರವೇ ಇರುವುದಿಲ್ಲ. ಅಚ್ಚಿನಿಂದ ತೆಗೆದ ಎಪಾಕ್ಸಿಯ ಹೊಳಪನ್ನೇ ಹಾಗೆ ಮಾರುತ್ತಾರೆ.

ಪಾಲಿಷ್ ಸಾಕೇ ಎಂಬುದಕ್ಕೆ ಮನೆಯಲ್ಲೇ ಉತ್ತರ ಸಿಗುತ್ತದೆ. ಭಾಗವನ್ನು ಸೋಪಿನಲ್ಲಿ ತೊಳೆದು ಒಣಗಿಸಿ, ಮಸುಕಾದ ಜಾಗಕ್ಕೆ ಒದ್ದೆ ಬೆರಳಿನಿಂದ ನೀರು ಸವರಿ ನೋಡಿ. ನೀರಿರುವಷ್ಟು ಹೊತ್ತು ಮಸುಕು ಮಾಯವಾದರೆ ಕೆಟ್ಟಿರುವುದು ಕ್ಲಿಯರ್ ಕೋಟಿನ ಮೇಲ್ಮೈ ಮಾತ್ರ, ಏಕೆಂದರೆ ಅದರ ತರಚುಗಳನ್ನು ನೀರು ತುಂಬುತ್ತದೆ. ನೀರು ಹಚ್ಚಿದರೂ ಬಿಳಿ ಹಾಗೆಯೇ ಉಳಿದರೆ ಪದರ ಅಡಿಯಲ್ಲಿ ಬಿಟ್ಟುಕೊಂಡು ಗಾಳಿ ಸೇರಿದೆ ಎಂದರ್ಥ. ಮೇಲಿನಿಂದ ಎಷ್ಟು ತಿಕ್ಕಿದರೂ ಅದು ಹೋಗದು.

ಹುಬ್ಬಳ್ಳಿ ಸ್ಪ್ರೇ ಗನ್:

ನಾನು ಪೇಂಟಿಂಗ್ ಕೆಲಸದವನು. ಹಗ್ಗರಿನ ಲ್ಯಾಕರ್ ಏಕೆ ಎದ್ದಿತೆಂದು ನೋಡದೆಯೇ ಹೇಳಬಲ್ಲೆ. ಹಗ್ಗರ್ ಇರುವುದು ಚೈನಿನ ಪಕ್ಕದಲ್ಲಿ. ಚೈನಿಗೆ ಹೊಡೆದ ಲ್ಯೂಬ್ ಹಾರಿ ವರ್ಷಗಟ್ಟಲೆ ಅದರ ಮೇಲೆ ಕೂತಿರುತ್ತದೆ. ಆ ಜಿಡ್ಡನ್ನು ಪೂರ್ತಿ ತೆಗೆಯದೆ, ಹಳೆಯ ಹೊಳಪನ್ನು ಉಜ್ಜಿ ಒರಟು ಮಾಡದೆ ಹೊಡೆದರೆ ಯಾವ ಲ್ಯಾಕರೂ ಹಿಡಿಯುವುದಿಲ್ಲ.

ಸರಿಯಾಗಿ ಮಾಡುವುದಾದರೆ ಮೊದಲು ಜಿಡ್ಡು ತೆಗೆದು, ಆಮೇಲೆ 800ರ ವಾಟರ್ ಪೇಪರಿನಲ್ಲಿ (ನೀರಿನಲ್ಲಿ ಬಳಸುವ ನಯವಾದ ಉಜ್ಜುಕಾಗದ) ನೀರು ಹಾಕುತ್ತಾ ಕೈಯಿಂದಲೇ ಉಜ್ಜಬೇಕು; ಮಷೀನು ಬೇಡ. ಉಜ್ಜುವಾಗ ಇಳಿಯುವ ನೀರಿನ ಮೇಲೆ ಕಣ್ಣಿರಲಿ. ಅದು ಹಾಲಿನಂತೆ ಬೆಳ್ಳಗೆ ಇಳಿಯುವವರೆಗೆ ಭಯವಿಲ್ಲ, ಸಣ್ಣ ಕಪ್ಪು ಎಳೆ ಕಂಡ ಕೂಡಲೇ ನಿಲ್ಲಿಸಬೇಕು, ಏಕೆಂದರೆ ಪೇಪರು ನೂಲನ್ನು ಕತ್ತರಿಸತೊಡಗಿದೆ. ಅಂಚು ಮತ್ತು ತಿರುವುಗಳಲ್ಲಿ ಪದರ ತೆಳುವಾಗಿರುವುದರಿಂದ ತಪ್ಪು ಅಲ್ಲೇ ಮೊದಲು ಆಗುತ್ತದೆ. ಪೇಂಟ್ ರಿಮೂವರ್ ಹಚ್ಚುವುದು ಇನ್ನೂ ದೊಡ್ಡ ತಪ್ಪು. ಅದು ಪೇಂಟಿನ ಜೊತೆಗೆ ಎಪಾಕ್ಸಿಯನ್ನೂ ತಿನ್ನಬಲ್ಲದು.

ಟ್ಯಾಂಕ್ ಕವರಿನ ಹಳದಿ ಬಹುಮಟ್ಟಿಗೆ ಎಪಾಕ್ಸಿಯ ಮೇಲಿನ ತೆಳು ಪದರದಲ್ಲೇ ಇರುತ್ತದೆ, ಆದ್ದರಿಂದ ನೂಲಿನ ಮೇಲೆ ಎಪಾಕ್ಸಿ ದಪ್ಪಗಿದ್ದರೆ ಉಜ್ಜಿದಷ್ಟೂ ಕಪ್ಪು ಮರಳಿ ಬರುತ್ತದೆ. ತೆಳುವಾಗಿದ್ದರೆ ಸ್ವಲ್ಪ ಹಳದಿ ಉಳಿಸಿಕೊಂಡೇ ಕ್ಲಿಯರ್ ಹೊಡೆಸುವುದು ಜಾಣತನ. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಎರಡು ಡಬ್ಬಿಯ ಕ್ಲಿಯರನ್ನೇ ಕೇಳಿ, ಆದರೆ ಮನೆಯಲ್ಲಿ ಹೊಡೆಯಲು ಹೋಗಬೇಡಿ. ಹಾರ್ಡನರಿನಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ.

ಬೋಲ್ಟು ವಾಷರು (ಕಾರವಾರ):

ಬೋಲ್ಟಿನ ಸುತ್ತಲಿನ ಬಿಳಿ ಮಚ್ಚೆಗಳನ್ನು ಯಾರೂ ಬೇರೆಯಾಗಿ ನೋಡಿಲ್ಲ. ಅವು ಬಿಸಿಲಿನ ಕೆಲಸವಲ್ಲ ಎಂದು ನನ್ನ ಅನುಮಾನ. ಕಾರ್ಬನ್ ನೂಲು ವಿದ್ಯುತ್ ಹಾಯಿಸುತ್ತದೆ. ಉಪ್ಪು ನೀರಿನ ತೇವದಲ್ಲಿ ಅಲ್ಯುಮಿನಿಯಂ ಅದಕ್ಕೆ ತಾಗಿದ್ದರೆ ಎರಡೂ ಸೇರಿ ಒಂದು ಸಣ್ಣ ಬ್ಯಾಟರಿಯೇ ಆಗುತ್ತದೆ, ಮತ್ತು ಆ ಬ್ಯಾಟರಿಯಲ್ಲಿ ಕರಗುವುದು ಯಾವಾಗಲೂ ಅಲ್ಯುಮಿನಿಯಂ. ಹಾಗೆ ಹುಟ್ಟಿದ ಬಿಳಿ ಪುಡಿ ತೂತಿನ ಅಂಚಿನಿಂದ ಒಳಸೇರಿ ಕ್ಲಿಯರ್ ಕೋಟನ್ನು ಎಬ್ಬಿಸುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಇದಕ್ಕೆ ಸಮುದ್ರಕ್ಕೇ ಇಳಿಯಬೇಕೆಂದಿಲ್ಲ.

ಬಣ್ಣ ಅಲಂಕಾರಕ್ಕೆಂದು ಹಲವರು ಹಾಕಿಸುವ ಅಲ್ಯುಮಿನಿಯಂ ಬೋಲ್ಟುಗಳನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟೇನಿಯಂ ಬೋಲ್ಟು ಹಾಕಿಸಿ, ಬೋಲ್ಟಿಗೂ ಕಾರ್ಬನ್ನಿಗೂ ನಡುವೆ ನೈಲಾನ್ ವಾಷರ್ ಇಡಿ. ಕೊರೆದ ತೂತುಗಳ ಒಳ ಅಂಚಿಗೆ ಒಂದು ತೊಟ್ಟು ಎಪಾಕ್ಸಿ ಸವರಿ ಮುಚ್ಚಿಸಿ. ಇದನ್ನು ಮಾಡದೆ ಕ್ಲಿಯರ್ ಹೊಡೆಸಿದರೆ ಮಚ್ಚೆ ಮತ್ತೆ ಬರುತ್ತದೆ.

ಇನ್ನೊಂದು ಮಾತು. ಇಲ್ಲಿ ಹೇಳುತ್ತಿರುವ ಉಜ್ಜುವ ಕೆಲಸವೆಲ್ಲ ಮಡ್‌ಗಾರ್ಡು, ಕವರುಗಳಿಗೆ ಮಾತ್ರ. ಚಕ್ರಗಳಲ್ಲೂ ಕಾರ್ಬನ್ ಬಂದಿದೆ. 2017ರ ಬಿಎಂಡಬ್ಲ್ಯು ಎಚ್‌ಪಿ4 ರೇಸ್‌ನಲ್ಲಂತೂ ಫ್ರೇಮೇ ಕಾರ್ಬನ್. ಭಾರ ಹೊರುವ ಅಂತಹ ಭಾಗದ ಮೇಲೆ ಬಿಳಿ ಮಚ್ಚೆ ಕಂಡರೆ ವಾಟರ್ ಪೇಪರ್ ಹಿಡಿಯದೆ, ಬೈಕನ್ನು ನಿಲ್ಲಿಸಿ, ತಿಳಿದವರಿಗೆ ತೋರಿಸಬೇಕು.

ಕಡಲತಡಿಯ ಸವಾರ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ನೀರು ಸವರಿ ನೋಡಿದೆ. ಮಡ್‌ಗಾರ್ಡಿನ ಮಸುಕು ಪೂರ್ತಿ ಮಾಯವಾಗಿ, ನೀರು ಆರಿದ ಹಾಗೆ ಅಂಚಿನಿಂದ ಮೆಲ್ಲನೆ ಮರಳಿತು. ಬೋಲ್ಟಿನ ಸುತ್ತಲಿನ ಮಚ್ಚೆಗಳು ಮಾತ್ರ ಕದಲಲಿಲ್ಲ. ಟ್ಯಾಂಕ್ ಕವರಿಗೆ ಹೊಳಪು ಬಂದರೂ ಹಳದಿ ಹಾಗೆಯೇ ಉಳಿಯಿತು. ಒಂದು ಬೋಲ್ಟು ಬಿಚ್ಚಿದಾಗ ತೂತಿನ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು, ಮತ್ತು ಬೋಲ್ಟಿಗೆ ಆಯಸ್ಕಾಂತ ಹಿಡಿಯಲಿಲ್ಲ, ಕೈಯಲ್ಲಿ ಅದು ಹಗುರವಾಗಿಯೂ ಇತ್ತು. ಬೋಲ್ಟುಗಳನ್ನು ಈ ವಾರವೇ ಬದಲಿಸುತ್ತೇನೆ. ಕ್ಲಿಯರ್ ಕೋಟನ್ನೂ ಈಗಲೇ ಹೊಡೆಸಬಹುದೇ, ಅಲ್ಲಿಯವರೆಗೆ ಪಾರದರ್ಶಕ ಫಿಲ್ಮ್ ಅಂಟಿಸಿಡಲೇ?

ಹುಬ್ಬಳ್ಳಿ ಸ್ಪ್ರೇ ಗನ್:

ಫಿಲ್ಮ್ ಈಗ ಬೇಡ. ಏಳುತ್ತಿರುವ ಪದರದ ಮೇಲೆ ಅಂಟಿಸಿದರೆ ತೆಗೆಯುವಾಗ ಅದನ್ನೂ ಕಿತ್ತುಕೊಂಡು ಬರುತ್ತದೆ. ಹೊಸ ಕ್ಲಿಯರ್ ಪೂರ್ತಿ ಗಟ್ಟಿಯಾದ ಮೇಲೆ ಹಾಕಿಸಿ. ಹಾರ್ಡನರ್ ಗಾಳಿಯ ತೇವದೊಡನೆ ಸೇರಿದರೆ ಪದರದೊಳಗೆ ಸಣ್ಣ ಗುಳ್ಳೆಗಳು ಏಳುವುದರಿಂದ ಮಂಗಳೂರಿನ ಮಳೆಗಾಲದಲ್ಲಿ ಈ ಕೆಲಸ ಮಾಡಿಸಬೇಡಿ. ಒಳ್ಳೆಯ ಬೂತ್ (ಪೇಂಟ್ ಹೊಡೆಯುವ ಮುಚ್ಚಿದ ಕೋಣೆ) ಇರುವ ಅಂಗಡಿ ಸಿಗದಿದ್ದರೆ ನವರಾತ್ರಿ ಕಳೆದು ಗಾಳಿ ಒಣಗಿದ ಮೇಲೆ ಕೊಡಿ. ಅಲ್ಲಿಯವರೆಗೆ ಕಚೇರಿಯಲ್ಲಿ ಟ್ಯಾಂಕಿನ ಮೇಲೆ ಒಂದು ದಪ್ಪ ಹತ್ತಿಬಟ್ಟೆ ಹೊದಿಸಿಟ್ಟರೂ ಆಗುತ್ತದೆ. ಹೊದಿಸುವ ಮುಂಚೆ ದೂಳು ಒರೆಸಿಕೊಳ್ಳಿ.