ಅಪ್‌ಡೇಟ್: ಎಕ್ಸ್‌ರೇ ಸರಿ ಇದ್ದರೂ ಕೈ ಮೇಲೆ ಏಳದ ಭುಜದ ಬಗ್ಗೆ

ಬಿದ್ದ ಮೇಲೆ ಎಕ್ಸ್‌ರೇ ಸರಿ ಇದ್ದರೂ ಕೈ ಮೇಲಕ್ಕೆ ಏಳುತ್ತಿಲ್ಲ, ಯಾಕೆ ಅಂತ ಕೇಳಿದ್ದೆನಲ್ಲ, ಈಗ ಕಾರಣ ಗೊತ್ತಾಯಿತು. ಎಮ್‌ಆರ್‌ಐ ಮಾಡಿಸಿದೆ. ಭುಜದ ಕೀಲನ್ನು ಹಿಡಿದಿಡುವ ರೊಟೇಟರ್ ಕಫ್‌ನ 4 ಸ್ನಾಯುಗಳಲ್ಲಿ ಮೇಲಿನದರ, ಅಂದರೆ ಸುಪ್ರಾಸ್ಪಿನೇಟಸ್‌ನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಹುರಿ) ಸ್ವಲ್ಪ ಹರಿದಿದೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಇದು ಕಾಣುವುದಿಲ್ಲ. ಪೂರ್ತಿ ಹರಿದಿಲ್ಲ, ಹಾಗಾಗಿ ಸದ್ಯಕ್ಕೆ ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿ ನೋಡೋಣ ಅಂದರು ಡಾಕ್ಟರ್. ಮುಂದಕ್ಕೆ ಬಾಗಿ, ಒಳ್ಳೆ ಕೈಯನ್ನು ಮೇಜಿನ ಮೇಲೆ ಊರಿ, ನೋವಿನ ಕೈಯನ್ನು ಸಡಿಲವಾಗಿ ಜೋತುಬಿಟ್ಟು ಮೆಲ್ಲಗೆ ಸುತ್ತಿಸುತ್ತೇನೆ. ಕೈಯನ್ನು ಸ್ಲಿಂಗ್‌ನಲ್ಲೇ, ಅಂದರೆ ಕುತ್ತಿಗೆಗೆ ಕಟ್ಟುವ ಜೋಳಿಗೆಯಲ್ಲೇ, ಜಾಸ್ತಿ ದಿನ ಇಟ್ಟರೆ ಭುಜ ಬಿಗಿದುಕೊಳ್ಳುತ್ತದಂತೆ. ರಾತ್ರಿ ಆ ಮಗ್ಗುಲಿಗೆ ಮಲಗಲು ಇನ್ನೂ ಆಗುತ್ತಿಲ್ಲ, ಆದರೆ ತಲೆ ಬಾಚಿಕೊಳ್ಳುತ್ತಿದ್ದೇನೆ! ಎಕ್ಸ್‌ರೇ ನಂಬಿ ಸುಮ್ನೆ ಕೂರಬೇಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.